ಇರುವುದೇ 32 ಹಲ್ಲು, ಚೀಟಿಯಲ್ಲಿ 36 ಹೇಗೆ?

ಪ್ರಶ್ನೆ: ಎಡಗಡೆ ದವಡೆ ನೋವೆಂದು ಕಾಸರಗೋಡಿಗೆ ಹೋಗಿ ಹಲ್ಲು ತೋರಿಸಿದೆ. ಡಾಕ್ಟರ್ ಮಲಯಾಳದಲ್ಲಿ ಹೇಳಿದ್ದು ಅರ್ಧ ಅರ್ಥವಾಯಿತು, ಉಳಿದದ್ದಕ್ಕೆ ಸುಮ್ನೆ ತಲೆಯಾಡಿಸಿದೆ. ಮನೆಗೆ ಬಂದು ಚೀಟಿ ನೋಡಿದರೆ ‘36 – ಡಿ.ಸಿ., ಟಿ.ಒ.ಪಿ. ಪಾಸಿಟಿವ್, ಆರ್.ಸಿ.ಟಿ.’ ಎಂದಿದೆ. ಮನುಷ್ಯನಿಗೆ ಇರುವುದೇ 32 ಹಲ್ಲು ಅಲ್ವಾ? ಈ 36 ಎಲ್ಲಿಂದ ಬಂತು? ಬೇರೆ ಯಾರದೋ ಚೀಟಿ ನನ್ನ ಕೈಗೆ ಬಂದಿರಬಹುದಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಚೀಟಿ ನಿಮ್ಮದೇ ಇರಬೇಕು, ನೋವೂ ಎಡಗಡೆಯೇ ಇದೆಯಲ್ಲ. ಅದನ್ನು ಮೂವತ್ತಾರು ಎಂದು ಓದಬೇಡಿ. ‘ಮೂರು, ಆರು’ ಎಂದು ಬಿಡಿಸಿ ಓದಿ.

ನಿಮ್ಮ ಮನೆಗೆ ಪಂಚಾಯತಿನವರು ಕೊಟ್ಟ ನಂಬರ್ ನೆನಪು ಮಾಡಿಕೊಳ್ಳಿ. ಮೊದಲು ವಾರ್ಡ್, ಒಂದು ಓರೆಗೆರೆ, ಆಮೇಲೆ ಮನೆ. ಹಲ್ಲಿನ ಲೆಕ್ಕವೂ ಹಾಗೇ, ನಡುವೆ ಗೆರೆ ಇಲ್ಲ ಅಷ್ಟೆ. ಬಾಯಿಗೆ ನಾಲ್ಕು ವಾರ್ಡ್. ಬಲ ಮೇಲೆ 1, ಎಡ ಮೇಲೆ 2, ಎಡ ಕೆಳಗೆ 3, ಬಲ ಕೆಳಗೆ 4. ಒಂದೊಂದರಲ್ಲಿ ಎಂಟೆಂಟು ಮನೆ. ನಿಮ್ಮ ನೋವು ಮೂರನೇ ವಾರ್ಡಿನ ಆರನೇ ಮನೆಯಲ್ಲಿದೆ.

ಈಗಲೇ ನೋಡಿಬಿಡಿ. ಕೆಳಗಿನ ಸಾಲಿನ ನಟ್ಟನಡುವಿನ ಸಂದಿಗೆ ನಾಲಿಗೆ ತುದಿ ಇಡಿ. ಅಲ್ಲಿಂದ ಎಡಕ್ಕೆ ಜಾರಿಸುತ್ತಾ ಹೋಗಿ. 1, 2 ಚಪ್ಪಟೆಯಾದ ಮುಂದಿನ ಹಲ್ಲು. 3 ಮೊನೆಯಿರುವ ಕೋರೆಹಲ್ಲು. 4, 5 ಸಣ್ಣ ದವಡೆಹಲ್ಲು. ಆಮೇಲೆ ಒಮ್ಮೆಲೇ ಅಗಲವಾದದ್ದೊಂದು ಸಿಗುತ್ತದೆ, ಅದೇ ಆರನೆಯದು. ಅದರ ಹಿಂದೆ 7, ಕೊನೆಗೆ ಬುದ್ಧಿಹಲ್ಲು 8. ಹಾಗಾಗಿ ದೊಡ್ಡವರ ಚೀಟಿಯಲ್ಲಿ 48ರವರೆಗೂ ನಂಬರ್ ಬರುತ್ತದೆ, ಆದರೆ 19 ಅಥವಾ 40 ಎಂಬ ಹಲ್ಲೇ ಇಲ್ಲ.

ಐದನೆಯದನ್ನು ಎಂದೋ ಕೀಳಿಸಿದ್ದರೂ ಆರು ಐದಾಗುವುದಿಲ್ಲ. ತೋಟದಲ್ಲಿ ಒಂದು ಅಡಿಕೆ ಮರ ಸತ್ತರೆ ಆಚೆಯದ್ದು ಜರುಗಿ ಬರುತ್ತದಾ? ಇನ್ನೊಂದು ಮಾತು, ಎಡ-ಬಲ ಎಂದರೆ ನಿಮ್ಮ ಎಡ-ಬಲ. ಚೀಟಿಯಲ್ಲಿ ಹಲ್ಲಿನ ಚಿತ್ರ ಇದ್ದರೆ, ಎದುರಿಗೆ ಕೂತವರು ಕಂಡ ಹಾಗೆ ಬರೆದಿರುತ್ತಾರೆ. ನಿಮ್ಮ ಎಡಹಲ್ಲು ಕಾಗದದ ಬಲಕ್ಕೆ ಇರುತ್ತದೆ. ಗಾಬರಿ ಬೇಡ.

ಈ ಎರಡಂಕಿ ಪದ್ಧತಿಯನ್ನು ದಂತವೈದ್ಯರ ಅಂತರರಾಷ್ಟ್ರೀಯ ಒಕ್ಕೂಟ ಎಫ್.ಡಿ.ಐ. 1970ರಲ್ಲಿ ಒಪ್ಪಿಕೊಂಡಿತು. ನಮ್ಮ ಊರಿಗಂತೂ ಹೇಳಿ ಮಾಡಿಸಿದ ಹಾಗಿದೆ. ಕನ್ನಡದ ಹಲ್ಲು ಮಲಯಾಳದಲ್ಲಿ ಪಲ್ಲ್, ತುಳುವಿನಲ್ಲಿ ಕೂಲಿ. ನಮ್ಮ ದವಡೆಹಲ್ಲು ಮಲಯಾಳದವರಿಗೆ ಅಣಪ್ಪಲ್ಲ್, ನಮ್ಮ ಒಸಡು ಅವರಿಗೆ ಮೋಣ. ಮೂರು-ಆರು ಎನ್ನಿ, ಮೂನ್ನ್-ಆರ್ ಎನ್ನಿ, ಮೂಜಿ-ಆಜಿ ಎನ್ನಿ, ಬರೆದಾಗ ಅದು 36. ಅದೇ ಚೀಟಿ ಹಿಡಿದು ನಾಳೆ ಮಂಗಳೂರಿಗೆ ಹೋದರೂ ಅಲ್ಲಿಯ ಡಾಕ್ಟರ್ ಸೀದಾ ಆ ಹಲ್ಲಿಗೇ ಬರುತ್ತಾರೆ.

ಮಕ್ಕಳ ಚೀಟಿ ನೋಡಿದರೆ ಇನ್ನೂ ತಲೆ ತಿರುಗುತ್ತದೆ. ಹಾಲುಹಲ್ಲಿನ ವಾರ್ಡ್‌ಗಳು 5, 6, 7, 8. ಒಂದೊಂದರಲ್ಲಿ ಐದೇ ಮನೆ, ಒಟ್ಟು 20 ಹಲ್ಲು. ಐದು ವರ್ಷದ ಮಗುವಿಗೆ ‘75’ ಎಂದು ಬರೆದರೆ ಅದು ಎಡ ಕೆಳಗಿನ ಕೊನೆಯ ಹಾಲುಹಲ್ಲು.

ಆ 75ರ ಬೆನ್ನಿಗೇ, ಸುಮಾರು ಆರನೇ ವಯಸ್ಸಿಗೆ, ನಿಮ್ಮ ಈ 36 ಹುಟ್ಟುವುದು. ಎಡವಟ್ಟಾಗುವುದು ಇಲ್ಲೇ. ಯಾವ ಹಲ್ಲೂ ಬೀಳದೆ, ಖಾಲಿ ಜಾಗದಲ್ಲಿ ಸದ್ದಿಲ್ಲದೆ ಬರುವುದರಿಂದ ಮನೆಯವರು ಇದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ‘ಹುಳುಕಾದರೆ ಆಗಲಿ, ಬಿದ್ದು ಹೊಸತು ಬರ್ತದೆ’ ಎಂದು ಬಿಟ್ಟುಬಿಡುತ್ತಾರೆ. ಬರುವುದಿಲ್ಲ ಮಾರಾಯ್ರೆ, ಅದೇ ಶಾಶ್ವತ ಹಲ್ಲು! ಮೇಲ್ಮೈ ತುಂಬಾ ಗುಳಿ, ಗೆರೆ. ಬಿಸ್ಕತ್ತಿನ ಹಿಟ್ಟು ಅಲ್ಲೇ ಅಂಟಿ ಕೂರುತ್ತದೆ, ಎಳೆಯ ಕೈಯ ಬ್ರಷ್ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಆರೇಳು ವರ್ಷದ ಮಕ್ಕಳಿದ್ದರೆ ಇವತ್ತೇ ಬಾಯಿ ತೆರೆಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿ.

ಇನ್ನು ಉಳಿದ ಅಕ್ಷರಗಳು. ಡಿ.ಸಿ. ಎಂದರೆ ಡೆಂಟಲ್ ಕೇರೀಸ್, ನಾವು ಹುಳುಕು ಎನ್ನುವುದು. (ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಡಿ.ಸಿ. ಅಂದರೆ ಜಿಲ್ಲಾಧಿಕಾರಿ. ನಮ್ಮಲ್ಲಿ ಕಲೆಕ್ಟರ್ ಅನ್ನುವುದರಿಂದ ಆ ಗೊಂದಲ ಇಲ್ಲ.) ಟಿ.ಒ.ಪಿ. ಎಂದರೆ ಟೆಂಡರ್ ಆನ್ ಪರ್ಕಶನ್, ಬಡಿದರೆ ನೋವು. ಡಾಕ್ಟರ್ ಪುಟ್ಟ ಕನ್ನಡಿಯ ಹಿಡಿಯಿಂದ ಹಲ್ಲಿಗೆ ಟಕ್ ಎಂದು ಬಡಿದಾಗ ನೀವು ಕುರ್ಚಿಯಲ್ಲೇ ಬೆಚ್ಚಿರಬೇಕು. ಅದೇ ‘ಪಾಸಿಟಿವ್’. ಖುಷಿಪಡುವಂಥದ್ದೇನಲ್ಲ, ಬೇರಿನ ತುದಿಯ ಸುತ್ತಲೂ ಊತ ಮುಟ್ಟಿರುವ ಸೂಚನೆ ಅದು.

ಆರ್.ಸಿ.ಟಿ. ಎಂದರೆ ರೂಟ್ ಕೆನಾಲ್ ಟ್ರೀಟ್‌ಮೆಂಟ್. ಹಲ್ಲು ಕೀಳುವುದಲ್ಲ, ಉಳಿಸುವ ಕೆಲಸ. 36ಕ್ಕೆ ಸಾಮಾನ್ಯವಾಗಿ ಎರಡು ಬೇರು, ಅವುಗಳೊಳಗೆ ಮೂರು ಸಣ್ಣ ನಾಳ. ಕೆಟ್ಟ ನರವನ್ನು ತೆಗೆದು, ಸೂಜಿಯಂಥ ಫೈಲ್‌ಗಳಿಂದ ನಾಳ ಉಜ್ಜಿ ತೊಳೆದು, ಗಟ್ಟಾಪರ್ಚಾ ಎಂಬ ಅಂಟು ತುಂಬುತ್ತಾರೆ. ಅದೂ ಮರದ ಹಾಲೇ, ನಮ್ಮ ತೋಟದ ರಬ್ಬರಿನ ದಾಯಾದಿ. ದವಡೆಹಲ್ಲಾದ್ದರಿಂದ ಆಮೇಲೆ ಕ್ಯಾಪ್ ಹಾಕಿಸಲು ಹೇಳುತ್ತಾರೆ. ನೋವು ಹೋಯಿತೆಂದು ಕ್ಯಾಪ್ ತಪ್ಪಿಸಬೇಡಿ. ಕ್ಯಾಪಿಲ್ಲದ ಹಲ್ಲು ಒಂದು ದಿನ ಚಕ್ಕುಲಿ ಕಚ್ಚುವಾಗ ಸೀಳಿಬಿಡಬಹುದು.

ಕೊನೆಗೊಂದು ಎಚ್ಚರಿಕೆ, ಅಮೆರಿಕದಲ್ಲಿ ಮಕ್ಕಳಿರುವವರಿಗೆ. ಅಲ್ಲಿ ಬಲ ಮೇಲಿನ ಬುದ್ಧಿಹಲ್ಲಿನಿಂದ ಶುರುಮಾಡಿ 1ರಿಂದ 32ರವರೆಗೆ ಸಾಲಾಗಿ ಎಣಿಸುತ್ತಾರೆ. ನಿಮ್ಮ 36 ಅಲ್ಲಿ 19. ಅದು ಹೇಗೂ ಗೊತ್ತಾಗುತ್ತದೆ, 19 ನಮ್ಮಲ್ಲಿ ಇಲ್ಲವಲ್ಲ. ಆದರೆ ಅಲ್ಲಿಯ 18 ಎಡ ಕೆಳಗಿನ ಏಳನೇ ಹಲ್ಲು, ನಮ್ಮ 18 ಬಲ ಮೇಲಿನ ಬುದ್ಧಿಹಲ್ಲು. ಅಲ್ಲಿ ಬರೆಸಿದ ಚೀಟಿ ಇಲ್ಲಿ ತೋರಿಸುವಾಗ ‘ಇದು ಅಮೆರಿಕದ ಲೆಕ್ಕ’ ಎಂದು ಬಾಯಿ ತೆರೆಯುವ ಮೊದಲೇ ಹೇಳಿಬಿಡಿ. ತೆರೆದ ಮೇಲೆ ಮಾತಾಡಲು ಆಗುವುದಿಲ್ಲ.