ಒಂದು ರಸ್ತೆ, ಏಳು ನಾಡು

ಲಿಮಾ ನಗರದವರು ತಮ್ಮ ಊರಿನ ಆಕಾಶಕ್ಕೆ ಇಟ್ಟಿರುವ ಅಡ್ಡಹೆಸರು ‘ಕತ್ತೆಯ ಹೊಟ್ಟೆ’. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಸಲು ಬೂದು ಮೋಡವೊಂದು ನಗರದ ನೆತ್ತಿಯ ಮೇಲೇ ಜೋತುಬಿದ್ದಿರುತ್ತದೆ. ಬಿಸಿಲಿನ ಮುಖ ಕಾಣದೆ ವಾರಗಳು ಉರುಳುತ್ತವೆ. ಹೊಸಬರು ಇನ್ನೇನು ಮಳೆ ಸುರಿಯಿತು ಎಂದುಕೊಳ್ಳುತ್ತಾರೆ. ಸುರಿಯುವುದಿಲ್ಲ. ಸುಮಾರು ಒಂದು ಕೋಟಿ ಜನ ವಾಸಿಸುವ, ಪೆಸಿಫಿಕ್ ಸಾಗರದ ದಂಡೆಯಲ್ಲೇ ಕುಳಿತಿರುವ ಈ ರಾಜಧಾನಿಗೆ ಇಡೀ ವರ್ಷ ಸಿಗುವ ಮಳೆ ಕೆಲವೇ ಮಿಲಿಮೀಟರು. ಹನಿಯಾಗಲು ಶಕ್ತಿ ಸಾಲದ ತುಂತುರು ಮಂಜು ಮಾತ್ರ ಕೆನ್ನೆಗೆ ತೇವ ಸವರಿ ಹೋಗುತ್ತದೆ. ಅದನ್ನು ಅಲ್ಲಿಯವರು ‘ಗರೂವಾ’ ಎನ್ನುತ್ತಾರೆ.

ಪೆರು ದೇಶದ ಶಾಲಾ ಪುಸ್ತಕಗಳು ನಾಡನ್ನು ಮೂರು ಪಾಲು ಮಾಡುತ್ತವೆ: ಕೋಸ್ತಾ, ಸಿಯೆರಾ, ಸೆಲ್ವಾ. ಕರಾವಳಿ, ಬೆಟ್ಟಸೀಮೆ, ಕಾಡು. ಕರಾವಳಿ, ಮಲೆನಾಡು, ಬಯಲುಸೀಮೆ ಎಂದು ಬಾಯಿಪಾಠ ಮಾಡಿ ಬೆಳೆದ ನಮಗೆ ಇದು ಪರಿಚಿತ ಲೆಕ್ಕವೆನಿಸುತ್ತದೆ. ಆದರೆ ಹಾವಿಯೇರ್ ಪುಲ್ಗಾರ್ ವಿದಾಲ್ ಎಂಬ ಭೂಗೋಳಶಾಸ್ತ್ರಜ್ಞನಿಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ಬೆಟ್ಟದ ರೈತನೊಬ್ಬ ತನ್ನ ಹೊಲ ‘ಸುನಿ’ಯಲ್ಲಿದೆ, ತಂಗಿಯನ್ನು ಕೊಟ್ಟದ್ದು ‘ಯುಂಗಾ’ಕ್ಕೆ ಎಂದು ಹೇಳುವಾಗ ಆತ ಸೂಚಿಸುವುದು ಒಂದೊಂದು ಎತ್ತರವನ್ನು, ಆ ಎತ್ತರದ ಚಳಿಯನ್ನು, ಅಲ್ಲಿ ಬೆಳೆಯುವ ಬೆಳೆಯನ್ನು. 1940ರ ಆಸುಪಾಸಿನಲ್ಲಿ ಪುಲ್ಗಾರ್ ವಿದಾಲ್ ಜನರ ಬಾಯಲ್ಲಿದ್ದ ಇಂಥ ಹೆಸರುಗಳನ್ನೇ ಜೋಡಿಸಿ ಪೆರುವನ್ನು ಎಂಟು ನೈಸರ್ಗಿಕ ವಲಯಗಳಾಗಿ ವಿಂಗಡಿಸಿದ. ವಿಶೇಷವೇನೆಂದರೆ, ಲಿಮಾದಿಂದ ಪೂರ್ವಕ್ಕೆ ಹೋಗುವ ‘ಮಧ್ಯ ಹೆದ್ದಾರಿ’ಯಲ್ಲಿ ಬೆಳಗ್ಗೆ ಹೊರಟರೆ ಕತ್ತಲಾಗುವುದರೊಳಗೆ ಎಂಟರಲ್ಲಿ ಏಳನ್ನು ಹತ್ತಿ ಇಳಿಯಬಹುದು.

ಹೊರಡುವ ಮೊದಲು ಕಡಲ ಪಕ್ಕದ ಮರುಭೂಮಿಯ ಒಗಟನ್ನು ಬಿಡಿಸಿಕೊಳ್ಳೋಣ. ಮೊದಲ ವಲಯವಾದ ‘ಚಾಲಾ’, ಅಂದರೆ ಸಮುದ್ರಮಟ್ಟದಿಂದ 500 ಮೀಟರ್‌ವರೆಗಿನ ಕರಾವಳಿ ಪಟ್ಟಿ, ಒಣಗಿರುವುದಕ್ಕೆ ಕಾರಣ ಎರಡು. ಪೆರುವಿನ ತೀರಕ್ಕೆ ದಕ್ಷಿಣದಿಂದ ಹಂಬೋಲ್ಟ್ ಪ್ರವಾಹ ಎಂಬ ತಣ್ಣೀರಿನ ಹರಿವು ಬರುತ್ತದೆ. ಜೊತೆಗೆ ಗಾಳಿಯು ಮೇಲಿನ ನೀರನ್ನು ತೀರದಿಂದ ಆಚೆಗೆ ತಳ್ಳುವುದರಿಂದ, ಆ ಜಾಗ ತುಂಬಲು ಆಳದ ಕೊರೆಯುವ ನೀರು ಮೇಲೇಳುತ್ತದೆ. ಸಮುದ್ರ ತಂಪಾದರೆ ಅದಕ್ಕೆ ತಾಗಿದ ಗಾಳಿಯೂ ತಂಪು, ಅದರ ಮೇಲಿನ ಪದರ ಬೆಚ್ಚಗೆ. ತಣ್ಣನೆಯ ಗಾಳಿ ತಾನಾಗಿ ಮೇಲೇರದು. ಪಾತ್ರೆಗೆ ಮುಚ್ಚಳ ಹಾಕಿದಂತೆ ಮೋಡ ಕೆಳಗೇ ಸಿಕ್ಕಿಕೊಳ್ಳುತ್ತದೆ, ಎತ್ತರಕ್ಕೆ ಬೆಳೆದು ಮಳೆಯಾಗುವುದಿಲ್ಲ.

ಎರಡನೆಯ ಕಾರಣ ಆಂಡೀಸ್ ಪರ್ವತ. ನಮ್ಮಲ್ಲಿ ಮುಂಗಾರು ಪಶ್ಚಿಮದ ಕಡಲಿನಿಂದ ಬಂದು, ಘಟ್ಟಕ್ಕೆ ಡಿಕ್ಕಿ ಹೊಡೆದು ಆಗುಂಬೆಯನ್ನು ತೋಯಿಸಿ, ಚಳ್ಳಕೆರೆ ತಲುಪುವ ಹೊತ್ತಿಗೆ ಬರಿದಾಗಿರುತ್ತದೆ. ಪೆರುವಿಗೆ ಮಳೆ ತರುವ ಗಾಳಿ ಬರುವುದು ಪೂರ್ವದಿಂದ, ಅಟ್ಲಾಂಟಿಕ್ ಸಾಗರದಿಂದ, ಇಡೀ ಅಮೆಜಾನ್ ಕಾಡನ್ನು ದಾಟಿಕೊಂಡು. ಅದು ಆಂಡೀಸ್‌ನ ಪೂರ್ವದ ಇಳಿಜಾರಿನಲ್ಲೇ ಎಲ್ಲವನ್ನೂ ಸುರಿದುಬಿಡುತ್ತದೆ. ಅಲ್ಲಿ ಆಗುಂಬೆ ಇರುವುದು ಬೆಟ್ಟದ ಒಳಮಗ್ಗುಲಲ್ಲಿ, ಚಳ್ಳಕೆರೆ ಇರುವುದು ಕಡಲ ದಂಡೆಯಲ್ಲಿ ಎಂದು ಊಹಿಸಿಕೊಂಡರೆ ಪೆರುವಿನ ಅರ್ಧ ಭೂಗೋಳ ಅರ್ಥವಾದಂತೆ.

ಇದೇ ತಣ್ಣೀರು ನೆಲಕ್ಕೆ ಮಾಡಿದ ಅನ್ಯಾಯವನ್ನು ಸಮುದ್ರದಲ್ಲಿ ತುಂಬಿಕೊಡುತ್ತದೆ. ಆಳದಿಂದ ಎದ್ದ ನೀರಿನಲ್ಲಿ ಪೋಷಕಾಂಶಗಳು ಹೇರಳ. ಅವನ್ನು ನಂಬಿದ ಸೂಕ್ಷ್ಮ ಸಸ್ಯಗಳು, ಅವನ್ನು ನಂಬಿದ ಆಂಚೊವೆಟಾ ಎಂಬ ಬೆರಳುದ್ದದ ಮೀನು, ಆ ಮೀನನ್ನು ನಂಬಿದ ಲಕ್ಷಾಂತರ ನೀರುಕಾಗೆ ಮತ್ತು ಹೆಜ್ಜಾರ್ಲೆಗಳು. ಒಂದೇ ಜಾತಿಯ ಮೀನನ್ನು ಹಿಡಿಯುವ ಮೀನುಗಾರಿಕೆಯಲ್ಲಿ ಜಗತ್ತಿನ ಅತಿ ದೊಡ್ಡದು ಈ ಆಂಚೊವೆಟಾದ್ದು. ಚಿಂಚಾ ದ್ವೀಪಗಳಲ್ಲಿ ಆ ಹಕ್ಕಿಗಳ ಹಿಕ್ಕೆ ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ತೊಳೆದುಹೋಗಲು ಮಳೆಯೇ ಇಲ್ಲವಲ್ಲ! ‘ಗ್ವಾನೊ’ ಎಂಬ ಈ ಗೊಬ್ಬರವನ್ನು 1840ರ ದಶಕದಿಂದ ಸುಮಾರು ನಲವತ್ತು ವರ್ಷ ಯುರೋಪಿಗೆ ಮಾರಿ ಪೆರು ಸರ್ಕಾರ ಖಜಾನೆ ತುಂಬಿಸಿಕೊಂಡಿತು. 1864ರಲ್ಲಿ ಸ್ಪೇನ್ ಈ ದ್ವೀಪಗಳನ್ನು ವಶಪಡಿಸಿಕೊಂಡು ಯುದ್ಧವೇ ನಡೆಯಿತು. ಹಕ್ಕಿಯ ಹಿಕ್ಕೆಗಾಗಿ ನೌಕಾಪಡೆಗಳು ಕಾದಾಡಿದ್ದು ಚರಿತ್ರೆಯಲ್ಲಿ ಅಪರೂಪ.

ನಾಸ್ಕಾ ಬಯಲಿನ ನೆಲದ ಮೇಲೆ ಪ್ರಾಚೀನ ಜನ ಬಿಡಿಸಿದ ದೈತ್ಯ ಚಿತ್ರಗಳು ಉಳಿದಿರುವುದೂ ಇದೇ ಒಣಹವೆಯ ಕೃಪೆಯಿಂದ. ಮೇಲ್ಮೈಯಲ್ಲಿ ಕಬ್ಬಿಣದ ಆಕ್ಸೈಡ್ ಮೆತ್ತಿಕೊಂಡು ಕಪ್ಪಾದ ಕಲ್ಲುಗಳನ್ನು ಸರಿಸಿದರೆ ಕೆಳಗಿನ ತಿಳಿಬಣ್ಣದ ಮಣ್ಣು ಕಾಣುತ್ತದೆ. ಅಷ್ಟೇ ತಂತ್ರ. ಆ ಗೆರೆಗಳಲ್ಲಿ ಮೂಡಿದ ಹಮ್ಮಿಂಗ್ ಹಕ್ಕಿ, ಕೋತಿ, ಜೇಡಗಳು ಒಂದೂವರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಅಳಿಸದೆ ಉಳಿದಿವೆ. ಪ್ರವಾಸಿಗರು ವಿಮಾನ ಹತ್ತಿ ಚಿತ್ರ ನೋಡಿ ಹೋಗುತ್ತಾರೆ. ನನ್ನನ್ನು ಕೇಳಿದರೆ, ಅದೇ ಜನ ನೆಲದಡಿ ನೀರು ಹರಿಸಲು ಕಟ್ಟಿದ, ಸುರುಳಿಯಾಗಿ ಇಳಿಯುವ ಬಾವಿಗಳ ಸಾಲು ಚಿತ್ರಗಳಿಗಿಂತ ದೊಡ್ಡ ಅಚ್ಚರಿ. ‘ಪುಕಿಯೊ’ ಎಂಬ ಈ ವ್ಯವಸ್ಥೆಯ ಕೆಲವು ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ.

ಕೆಲವು ವರ್ಷಗಳಿಗೊಮ್ಮೆ ಈ ಇಡೀ ಏರ್ಪಾಡು ತಲೆಕೆಳಗಾಗುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ತೀರಕ್ಕೆ ಬೆಚ್ಚನೆಯ ನೀರು ಬರುವುದನ್ನು ಗಮನಿಸಿದ್ದ ಪೆರುವಿನ ಉತ್ತರ ತೀರದ ಮೀನುಗಾರರು ಅದಕ್ಕೆ ಬಾಲಯೇಸುವಿನ ಹೆಸರಿಟ್ಟರು: ಎಲ್ ನಿನೊ. ಆ ಬಿಸಿ ಅತಿಯಾದ ವರ್ಷ ಮೀನು ಮಾಯ, ಹಕ್ಕಿಗಳಿಗೆ ಉಪವಾಸ, ಮರುಭೂಮಿಗೆ ಪ್ರವಾಹ. 1997–98ರಲ್ಲಿ ಸೆಚುರಾ ಮರುಭೂಮಿಯ ನಡುವೆ ದೊಡ್ಡ ಸರೋವರವೇ ನಿಂತಿತ್ತು. ಹಸಿ ಮಣ್ಣಿನಿಂದ ಕಟ್ಟಿದ ಚಾನ್ ಚಾನ್ ಎಂಬ ಪ್ರಾಚೀನ ನಗರಕ್ಕೆ ಇಂಥ ಮಳೆಗಿಂತ ದೊಡ್ಡ ಶತ್ರುವಿಲ್ಲ. ನಮ್ಮ ಪತ್ರಿಕೆಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಕಾಣಿಸಿಕೊಳ್ಳುವ ಎಲ್ ನಿನೊ ಇದೇ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾದ ಗಿಲ್ಬರ್ಟ್ ವಾಕರ್ ಮುಂಗಾರಿನ ಗುಟ್ಟು ಹುಡುಕುತ್ತಾ ಹೋಗಿ, ಪೆಸಿಫಿಕ್‌ನ ಎರಡು ಅಂಚುಗಳ ವಾಯುಭಾರ ತಕ್ಕಡಿಯಂತೆ ತೂಗುವುದನ್ನು ಕಂಡುಕೊಂಡ. ಆ ತಕ್ಕಡಿಗೂ ಪೆರುವಿನ ಬೆಚ್ಚನೆಯ ನೀರಿಗೂ ಇರುವ ನಂಟನ್ನು 1969ರಲ್ಲಿ ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್‌ನೆಸ್ ಬಿಡಿಸಿ ತೋರಿಸಿದ. ನಂಟು ಕಟ್ಟುನಿಟ್ಟಿನದೇನೂ ಅಲ್ಲ. 1997ರ ಭಾರೀ ಎಲ್ ನಿನೊ ವರ್ಷದಲ್ಲಿ ಭಾರತದ ಮುಂಗಾರು ವಾಡಿಕೆಯಷ್ಟೇ ಇತ್ತು. ಆದರೆ ಮತ್ತೊಂದು ಎಲ್ ನಿನೊ ವರ್ಷವಾದ 2023ರಲ್ಲಿ ಕರ್ನಾಟಕದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು.

ಈಗ ರಸ್ತೆ ಹಿಡಿಯೋಣ. ರಿಮಾಕ್ ನದಿಯ ಕಣಿವೆಯಲ್ಲಿ ಒಂದೆರಡು ಗಂಟೆ ಏರಿದರೆ ಚೊಸಿಕಾ ಎಂಬ ಊರು. ಎತ್ತರ 850 ಮೀಟರಿನ ಆಸುಪಾಸು. ಕತ್ತೆಯ ಹೊಟ್ಟೆ ಕೆಳಗೆ ಉಳಿದು, ಫಳ್ಳನೆ ಬಿಸಿಲು! ಚಳಿಗಾಲದ ಭಾನುವಾರಗಳಲ್ಲಿ ಲಿಮಾದವರು ಬಿಸಿಲು ಕಾಯಿಸಿಕೊಳ್ಳಲೆಂದೇ ಇಲ್ಲಿಗೆ ಬರುತ್ತಾರೆ. ಇದು ‘ಯುಂಗಾ’, 2,300 ಮೀಟರ್‌ವರೆಗಿನ ಬೆಚ್ಚನೆಯ ಕಣಿವೆ. ಬೆಣ್ಣೆಹಣ್ಣು, ಸೀತಾಫಲದ ಬಂಧುವಾದ ಚಿರಿಮೋಯಾ, ಲುಕುಮಾ ಎಲ್ಲ ಇಲ್ಲಿಯವು.

ಈ ವಲಯಕ್ಕೆ ಒಂದು ಕರಾಳ ಕಥೆಯೂ ಇದೆ. 1870ರಲ್ಲಿ ಈ ಕಣಿವೆಯಲ್ಲಿ ರೈಲು ಹಳಿ ಹಾಕಲು ಶುರುಮಾಡಿದಾಗ ಸಾವಿರಾರು ಕೂಲಿಗಳು ವಿಚಿತ್ರ ಜ್ವರಕ್ಕೆ ಬಲಿಯಾದರು. ಅದನ್ನು ‘ಒರೋಯಾ ಜ್ವರ’ ಎಂದು ಕರೆದರು. ಅದೇ ಕಣಿವೆಯ ಜನರ ಮೈಮೇಲೆ ಕೆಂಪು ನರುಳೆಗಳು ಏಳುವ ಇನ್ನೊಂದು ಕಾಯಿಲೆಯಿತ್ತು. ಎರಡೂ ಒಂದೇ ರೋಗವೇ? ಡೇನಿಯಲ್ ಅಲ್ಸಿದೆಸ್ ಕರಿಯೋನ್ ಎಂಬ ವೈದ್ಯ ವಿದ್ಯಾರ್ಥಿ 1885ರಲ್ಲಿ ನರುಳೆಯೊಂದರ ರಕ್ತವನ್ನು ತನ್ನ ತೋಳಿಗೆ ಚುಚ್ಚಿಸಿಕೊಂಡ. ಕೆಲವು ವಾರಗಳಲ್ಲಿ ಒರೋಯಾ ಜ್ವರ ಬಂತು. ಉತ್ತರ ಸಿಕ್ಕಿತು, ಅಕ್ಟೋಬರ್ 5ರಂದು ಆತ ಸತ್ತ. ಈ ರೋಗ ಹರಡುವ ಮರಳುನೊಣ ಬದುಕುವುದು ಇಂಥ ನಡುವಿನ ಎತ್ತರದ ಕಣಿವೆಗಳಲ್ಲಿ. 3,700 ಮೀಟರಿಗೂ ಮೇಲಿರುವ ಒರೋಯಾ ಪಟ್ಟಣಕ್ಕೆ ಅಪಕೀರ್ತಿ ಬಂದದ್ದು ಸುಮ್ಮಸುಮ್ಮನೆ. ಎತ್ತರವನ್ನು ಬೆಳೆಗಳಂತೆ ರೋಗಗಳೂ ಲೆಕ್ಕಕ್ಕೆ ಹಿಡಿಯುತ್ತವೆ. ‘ನರುಳೆ ಸೇತುವೆ’ ಎಂದೇ ಕರೆಸಿಕೊಂಡಿದ್ದ ಈ ಕಣಿವೆಯ ರೈಲು ಸೇತುವೆ ಇಂದು ಕರಿಯೋನ್ ಸೇತುವೆ.

2,300 ಮೀಟರ್ ದಾಟಿದರೆ ‘ಕೆಚುವಾ’ ವಲಯ. ಮೆಕ್ಕೆಜೋಳದ ಹೊಲಗಳು, ಹಿತವಾದ ಹವೆ. ಇಂಕಾಗಳ ರಾಜಧಾನಿ ಕುಸ್ಕೊ ಈ ರಸ್ತೆಯಲ್ಲಿಲ್ಲ, ದೂರದ ಆಗ್ನೇಯದಲ್ಲಿದೆ. ಆದರೆ ಸುಮಾರು 3,400 ಮೀಟರ್ ಎತ್ತರದಲ್ಲಿರುವ ಅದೂ ಇದೇ ಅಂತಸ್ತಿನದು. ಅದರ ಮೇಲೆ, 3,500ರಿಂದ 4,000 ಮೀಟರ್‌ವರೆಗೆ ‘ಸುನಿ’. ಇಲ್ಲಿ ಜೋಳ ಸೋಲುತ್ತದೆ. ಕಿನುವಾ ಎಂಬ ಕಾಳು ಮತ್ತು ಆಲೂಗಡ್ಡೆ ಗೆಲ್ಲುತ್ತವೆ. 3,812 ಮೀಟರಿನಲ್ಲಿರುವ ಟಿಟಿಕಾಕಾ ಸರೋವರ ಹಗಲಿನ ಶಾಖವನ್ನು ಹಿಡಿದಿಟ್ಟುಕೊಂಡು ರಾತ್ರಿ ಬಿಟ್ಟುಕೊಡುವುದರಿಂದ ಅದರ ದಂಡೆಯ ಹೊಲಗಳು ಇಬ್ಬನಿಯ ಹಿಮಕ್ಕೆ ಅಷ್ಟಾಗಿ ಸಿಕ್ಕಿಬೀಳುವುದಿಲ್ಲ. ಅಲ್ಲಿನ ಊರೋ ಜನ ತೊತೋರಾ ಎಂಬ ಜೊಂಡನ್ನು ಪದರಪದರವಾಗಿ ಹಾಸಿ ತೇಲುವ ದ್ವೀಪಗಳನ್ನೇ ಕಟ್ಟಿಕೊಂಡಿದ್ದಾರೆ. ಕೆಳಗಿನ ಜೊಂಡು ಕೊಳೆಯುತ್ತಾ ಹೋದಂತೆ ಮೇಲೆ ಹೊಸದನ್ನು ಹಾಸುತ್ತಲೇ ಇರಬೇಕು.

ಆಲೂಗಡ್ಡೆಯ ತವರು ಈ ಸೀಮೆ. ಆಂಡೀಸ್‌ನಲ್ಲಿ ಇರುವ ಆಲೂಗಡ್ಡೆ ತಳಿಗಳು ಸಾವಿರಗಟ್ಟಲೆ: ನೇರಳೆ, ಕೆಂಪು, ಬೆರಳಿನಂತೆ ಸೊಟ್ಟಗಿರುವುವು. 1971ರಲ್ಲಿ ಅಂತರರಾಷ್ಟ್ರೀಯ ಆಲೂಗಡ್ಡೆ ಸಂಶೋಧನಾ ಕೇಂದ್ರ ಲಿಮಾದಲ್ಲಿ ಸ್ಥಾಪನೆಯಾದದ್ದು ಸಹಜವೇ. ಇನ್ನೂ ಮೇಲೆ, 4,800 ಮೀಟರ್‌ವರೆಗಿನ ‘ಪುನಾ’ ಎಂಬ ಹುಲ್ಲುಗಾವಲಿನಲ್ಲಿ, ಜೂನ್ ರಾತ್ರಿಯ ಕೊರೆಯುವ ಚಳಿಗೆ ಆಲೂಗಡ್ಡೆಯನ್ನು ಹರಡುತ್ತಾರೆ. ಅದು ಹೆಪ್ಪುಗಟ್ಟುತ್ತದೆ. ಹಗಲು ಕರಗಿದಾಗ ಬರಿಗಾಲಿನಲ್ಲಿ ತುಳಿದು ನೀರು ಹಿಂಡುತ್ತಾರೆ, ಬಿಸಿಲಿಗೆ ಒಣಗಿಸುತ್ತಾರೆ. ಕೆಲವು ದಿನ ಹೀಗೆ ಮಾಡಿದರೆ ಹಗುರವಾದರೂ ಕಲ್ಲಿನಂತೆ ಗಟ್ಟಿಯಾದ ‘ಚುನ್ಯೊ’ ಸಿದ್ಧ, ವರ್ಷಗಟ್ಟಲೆ ಕೆಡುವುದಿಲ್ಲ. ಇಂಕಾ ಉಗ್ರಾಣಗಳಲ್ಲಿ ಇದೂ ತುಂಬಿರುತ್ತಿತ್ತು. ಚಳಿಯನ್ನು ಶಪಿಸುವ ಬದಲು ಅದನ್ನು ಅಡುಗೆಯಾಳಾಗಿ ದುಡಿಸಿಕೊಂಡವರ ಜಾಣತನವಿದು.

ಸಮಭಾಜಕಕ್ಕೆ ಹತ್ತಿರವಿರುವುದರಿಂದ ಪೆರುವಿನಲ್ಲಿ ಬೇಸಿಗೆ–ಚಳಿಗಾಲಗಳ ಅಂತರ ಕಡಿಮೆ. ಆದರೆ ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ತಂಪು. ಹಾಗಾಗಿ ಬೆಟ್ಟದ ಕುಟುಂಬಗಳು ಮತ್ತು ಊರುಗಳು ಒಂದೇ ಕಡೆ ಹೆಚ್ಚು ಜಮೀನು ಹಿಡಿಯುವ ಬದಲು ಬೇರೆ ಬೇರೆ ಎತ್ತರಗಳಲ್ಲಿ ತುಂಡು ತುಂಡಾಗಿ ಹಿಡಿದವು: ಕೆಳಗೆ ಕೋಕಾ ಎಲೆ, ನಡುವೆ ಜೋಳ, ಮೇಲೆ ಆಲೂಗಡ್ಡೆ, ಅದಕ್ಕೂ ಮೇಲೆ ಲಾಮಾ ಮಂದೆ. ಮಾನವಶಾಸ್ತ್ರಜ್ಞ ಜಾನ್ ಮುರ್ರಾ ಇದನ್ನು ‘ಲಂಬ ದ್ವೀಪಸಮೂಹ’ ಎಂದು ಕರೆದ. ಒಂದು ಅಂತಸ್ತಿನಲ್ಲಿ ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ.

ರಸ್ತೆಯ ನೆತ್ತಿ ತಿಕ್ಲಿಯೊ ಕಣಿವೆದಾರಿ, 4,818 ಮೀಟರ್. ಲಿಮಾದಿಂದ ಕೇವಲ 130 ಕಿಲೋಮೀಟರ್ ಆಸುಪಾಸು. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಅರ್ಧಕ್ಕಿಂತ ತುಸು ಹೆಚ್ಚು. ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ. ಅಲ್ಲಿಯವರು ‘ಸೊರೊಚೆ’ ಎಂದು ಕರೆಯುವ ಈ ತೊಂದರೆಗೆ ಕೋಕಾ ಎಲೆಯ ಕಷಾಯ ಕೊಡುತ್ತಾರೆ. ಪಕ್ಕದಲ್ಲೇ ರೈಲು ಹಾದುಹೋಗುವ ಗಲೇರಾ ಸುರಂಗವಿದೆ. ಟಿಬೆಟ್ ರೈಲು 2006ರಲ್ಲಿ ಶುರುವಾಗುವವರೆಗೂ ಜಗತ್ತಿನ ಅತಿ ಎತ್ತರದ ಪ್ರಯಾಣಿಕ ರೈಲುದಾರಿ ಎಂಬ ಹಿರಿಮೆ ಇದರದು. ಇಲ್ಲಿಂದ ಮೇಲಿನದು ಹಿಮದ ವಲಯ ‘ಹಾಂಕಾ’. ಜಗತ್ತಿನ ಉಷ್ಣವಲಯದ ಹಿಮನದಿಗಳಲ್ಲಿ ಹೆಚ್ಚಿನ ಪಾಲು ಪೆರುವಿನಲ್ಲೇ ಇವೆ. ಕಳೆದ ಆರು ದಶಕಗಳಲ್ಲಿ ಅವು ಅರ್ಧಕ್ಕೂ ಹೆಚ್ಚು ಕರಗಿವೆ. ಅತಿ ಎತ್ತರದ ಶಿಖರ ಹುವಸ್ಕರಾನ್, 6,768 ಮೀಟರ್. ಭೂಮಿಯ ಗುರುತ್ವ ಅತಿ ಕಡಿಮೆಯಿರುವ ಜಾಗ ಅದರ ಸುತ್ತಲೇ ಎಂದು 2013ರ ಅಧ್ಯಯನವೊಂದು ಲೆಕ್ಕಹಾಕಿತು. 1970ರ ಮೇ 31ರ ಭೂಕಂಪದಲ್ಲಿ ಇದೇ ಶಿಖರದಿಂದ ಕಳಚಿದ ಹಿಮ–ಬಂಡೆಗಳ ರಾಶಿ ಯುಂಗಾಯ್ ಪಟ್ಟಣವನ್ನು ನಿಮಿಷಗಳಲ್ಲಿ ಹೂತುಹಾಕಿತು.

ತಿಕ್ಲಿಯೊ ದಾಟಿದರೆ ಇಳಿಜಾರು. ಹೂವಿನ ತೋಟಗಳ ತಾರ್ಮಾ, ಮತ್ತೆ ಕೆಚುವಾ, ಮತ್ತೆ ಯುಂಗಾ. ಆದರೆ ಈ ಯುಂಗಾ ಬೇರೆಯೇ: ಇದು ಮಳೆಯ ಮಗ್ಗುಲು. ಬಂಡೆಯ ಮೇಲೂ ಪಾಚಿ, ಮರದ ಮೇಲೆ ಸೀತಾಳೆ. ಇಂಕಾಗಳ ಕಲ್ಲಿನ ಊರು ಮಾಚು ಪಿಚ್ಚು ಇರುವುದು ಇಂಥದೇ ಮೋಡದ ಕಾಡಿನಲ್ಲಿ. ಅದು ಆಂಡೀಸ್‌ನ ತುತ್ತತುದಿಯಲ್ಲಿದೆ ಎಂಬುದು ಬಹಳ ಜನರ ಭಾವನೆ. ನಿಜದಲ್ಲಿ ಅದರ ಎತ್ತರ 2,430 ಮೀಟರ್, ಕುಸ್ಕೊಗಿಂತ ಸುಮಾರು ಒಂದು ಕಿಲೋಮೀಟರ್ ಕೆಳಗೆ. ಕಡಿದಾದ ಬೆಟ್ಟ, ಸುರಿಯುವ ಮಳೆ; ಆದರೂ ಐದು ಶತಮಾನಗಳಿಂದ ಅದು ಜಾರದೆ ನಿಂತಿರುವುದಕ್ಕೆ ಕಾರಣ ಕಣ್ಣಿಗೆ ಕಾಣದ ಕೆಲಸ. ಮೆಟ್ಟಿಲು ಹೊಲಗಳ ಅಡಿಯಲ್ಲಿ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಆಮೇಲೆ ಮರಳು, ಕೊನೆಗೆ ಮಣ್ಣು. ನೀರು ಎಲ್ಲೂ ನಿಲ್ಲದೆ ಬಸಿದುಹೋಗುತ್ತದೆ. ಫೋಟೊ ತೆಗೆಯುವವರು ಗೋಡೆಗಳನ್ನು ನೋಡುತ್ತಾರೆ; ಎಂಜಿನಿಯರುಗಳು ಬಗ್ಗಿ ಚರಂಡಿಗಳನ್ನು ನೋಡುತ್ತಾರೆ.

ಸಿಂಕೋನಾ ಮರದ ಊರೂ ಈ ಇಳಿಜಾರೇ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ಕೊಡುವ ಈ ಮರ ಪೆರುವಿನ ರಾಷ್ಟ್ರಲಾಂಛನದಲ್ಲಿದೆ. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಎಂಬ ಬ್ರಿಟಿಷ್ ಅಧಿಕಾರಿ ಇಲ್ಲಿಂದ ಸಸಿಗಳನ್ನು ಹೊತ್ತು ನೀಲಗಿರಿಗೆ ಸಾಗಿಸಿದ. ಪೆರುವಿನ ಸಸಿಗಳು ಪ್ರಯಾಣದಲ್ಲಿ ಸೊರಗಿ ಸತ್ತವು. ಊಟಿಯಲ್ಲಿ ಬೇರುಬಿಟ್ಟದ್ದು ನೆರೆಯ ಈಕ್ವೆಡಾರ್‌ನಿಂದ ಬಂದ ಬೀಜಗಳು.

ಸಂಜೆಗೆ ಚಾಂಚಮಾಯೊ ಕಣಿವೆಯ ಲಾ ಮೆರ್ಸೆಡ್. ಎತ್ತರ ಸಾವಿರ ಮೀಟರಿಗೂ ಕಡಿಮೆ, ವಲಯ ‘ರುಪಾ ರುಪಾ’: ಸುಡುವ ನಾಡು. ಕಾಫಿ, ಕಿತ್ತಳೆ, ಬೆವರು. ಎಂಟನೆಯದಾದ ‘ಒಮಾಗ್ವಾ’, ಅಂದರೆ ಸಮತಟ್ಟಾದ ಅಮೆಜಾನ್ ಕಾಡು, ಇನ್ನೂ ಮುಂದೆ. ಅಲ್ಲಿನ ದೊಡ್ಡ ನಗರ ಇಕಿಟೋಸ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ. ದೋಣಿ ಇಲ್ಲವೇ ವಿಮಾನ. ದೇಶದ ಅರ್ಧಕ್ಕೂ ಹೆಚ್ಚು ನೆಲ ಈ ಕಾಡುಸೀಮೆಯದು, ಜನ ಮಾತ್ರ ವಿರಳ. ದಕ್ಷಿಣದ ಮನು ರಾಷ್ಟ್ರೀಯ ಉದ್ಯಾನದಲ್ಲಿ ಕಾಡಿನ ತಳದಿಂದ ಪುನಾದವರೆಗಿನ ಎತ್ತರಗಳೆಲ್ಲ ಒಂದೇ ಬೇಲಿಯೊಳಗಿವೆ. ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಅಲ್ಲಿರುವುದಕ್ಕೆ ಅದೇ ಕಾರಣ. ಆ ಸೀಮೆಯ ನದಿದಂಡೆಗಳಲ್ಲಿ ಮುಂಜಾನೆ ಮಕಾವ್ ಗಿಳಿಗಳು ಹಿಂಡುಹಿಂಡಾಗಿ ಬಂದು ಮಣ್ಣು ತಿನ್ನುತ್ತವೆ. ಸಮುದ್ರದಿಂದ ಬಹುದೂರದ ಆ ಕಾಡಿನಲ್ಲಿ ಉಪ್ಪಿನಂಶ ದುರ್ಲಭವಾದ್ದರಿಂದ ಅದನ್ನು ಮಣ್ಣಿನಲ್ಲಿ ಹುಡುಕುತ್ತವೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ.

ತಿಕ್ಲಿಯೊದ ನೆತ್ತಿಯಲ್ಲಿ ಬಿದ್ದ ಹನಿ ಪಶ್ಚಿಮಕ್ಕೆ ಉರುಳಿದರೆ ರಿಮಾಕ್ ನದಿಯಾಗಿ ಇನ್ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಪೆಸಿಫಿಕ್ ಸೇರುತ್ತದೆ. ಪೂರ್ವಕ್ಕೆ ಉರುಳಿದರೆ ಅಮೆಜಾನ್ ಮೂಲಕ ಖಂಡವನ್ನೇ ದಾಟಿ ಅಟ್ಲಾಂಟಿಕ್‌ಗೆ. ಲಿಮಾದ ದಾಹಕ್ಕೆ ಪಶ್ಚಿಮದ ಹನಿಗಳು ಸಾಲವು. ಹಾಗಾಗಿ ಪೂರ್ವದ ಸರೋವರಗಳಿಂದ ಪರ್ವತದ ಅಡಿಯಲ್ಲಿ ಸುರಂಗ ಕೊರೆದು ಒಂದಿಷ್ಟು ನೀರನ್ನು ರಿಮಾಕ್‌ಗೆ ತಿರುಗಿಸಿದ್ದಾರೆ. ಅಟ್ಲಾಂಟಿಕ್‌ನಲ್ಲಿ ಆವಿಯಾಗಿ, ಕಾಡು ದಾಟಿ, ಬೆಟ್ಟದ ಆಚೆಯೇ ಸುರಿದುಹೋಗಿದ್ದ ಮಳೆಯ ಪಾಲು ಹೀಗೆ ಮರುಭೂಮಿಯ ನಗರದ ನಲ್ಲಿಗೆ ಬರುತ್ತದೆ. ನಲ್ಲಿಯೂ ತಲುಪದ ಗುಡ್ಡದ ಬಡಾವಣೆಗಳವರು ಟ್ಯಾಂಕರ್ ನೀರಿಗೆ ದುಬಾರಿ ದುಡ್ಡು ತೆರುತ್ತಾರೆ. ಅವರಲ್ಲಿ ಕೆಲವರು ಗುಡ್ಡದ ಮೇಲೆ ಎತ್ತರದ ಬಲೆಗಳನ್ನು ಕಟ್ಟಿದ್ದಾರೆ. ಜೂನ್ ಬಂದು ಗರೂವಾ ಕವಿದಾಗ ಮಂಜು ಆ ಬಲೆಯ ಎಳೆಗಳಿಗೆ ತಾಗಿ ಹನಿಯಾಗುತ್ತದೆ, ಕೊಳವೆಗೆ ಇಳಿಯುತ್ತದೆ, ಡ್ರಮ್ಮು ತುಂಬುತ್ತದೆ.