ಅಲುಗದ ಅರಮನೆ, ನಿಲ್ಲದ ಜನ

ಭಾನುವಾರ ಸಂಜೆ ಏಳಕ್ಕೆ ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಹೊತ್ತಿಕೊಳ್ಳುತ್ತವೆ. ಅರಮನೆ ಅಲುಗುವುದಿಲ್ಲ, ಮುಂದೆ ನೆರೆದ ಜನ ಸುಮ್ಮನೆ ನಿಲ್ಲುವುದಿಲ್ಲ. ಹೊಸದಾಗಿ ಕ್ಯಾಮೆರಾ ಕೊಳ್ಳುವವರು ಮೆಗಾಪಿಕ್ಸೆಲ್ ಎಣಿಸುವ ಮೊದಲು ಈ ಎರಡರಲ್ಲಿ ತಮಗೆ ಯಾವುದರ ಚಿತ್ರ ಬೇಕೆಂದು ಗೊತ್ತುಮಾಡಿಕೊಳ್ಳಲಿ.

ಕಟ್ಟಡಕ್ಕಾದರೆ ಕ್ಯಾಮೆರಾ ಜೊತೆಗೇ ಬರುವ 18–55 ಎಂಎಂ ಕಿಟ್ ಲೆನ್ಸ್ ಸಾಕು. ದುಡ್ಡು ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಟ್ರೈಪಾಡ್‌ಗೆ ಹೋಗಲಿ. ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ; ಏರಿಸಿದಷ್ಟೂ ಚಿತ್ರ ತರಿತರಿ) 100, ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್/8, ಶಟರ್ (ಬೆಳಕು ಒಳಬಿಡುವ ಸಮಯ) 2ರಿಂದ 4 ಸೆಕೆಂಡು: ಇಲ್ಲಿಂದ ಶುರುಮಾಡಿ. ಬಲ್ಬುಗಳ ಸಾಲು ಬೆಳ್ಳಗೆ ಕರಗಿಹೋದರೆ ಸಮಯವನ್ನು ಅರ್ಧಕ್ಕಿಳಿಸಿ. ಬಟನ್ ಒತ್ತುವ ಬೆರಳೇ ಕ್ಯಾಮೆರಾ ನಡುಗಿಸುವುದರಿಂದ 2 ಸೆಕೆಂಡಿನ ಟೈಮರ್ ಹಾಕಿ. ಟ್ರೈಪಾಡ್ ಮೇಲೆ ಲೆನ್ಸಿನ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಆಫ್ ಮಾಡಿಡಿ. ಇಲ್ಲದ ಅಲುಗಾಟವನ್ನು ಸರಿಪಡಿಸಲು ಹೋಗಿ ತಾವೇ ಚಿತ್ರ ಕದಡುವ ಲೆನ್ಸುಗಳುಂಟು. ಅಗ್ಗದ ಟ್ರೈಪಾಡಿನ ನಡುಗಂಬ ಎತ್ತಿದರೆ ಸಣ್ಣ ಗಾಳಿಗೂ ತೂಗುತ್ತದೆ.

ಗೋಪುರದ ತುದಿ ಹಿಡಿಯಲು ಕ್ಯಾಮೆರಾ ಮೇಲಕ್ಕೆ ಎತ್ತಿದಿರೋ, ಕಟ್ಟಡ ಹಿಂದಕ್ಕೆ ವಾಲಿದಂತೆ ಬರುತ್ತದೆ. ಲೆನ್ಸನ್ನು ಬೈಯಬೇಡಿ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಗೋಡೆಗೆ ಸಮಾಂತರವಾಗಿ ಉಳಿಯಲಿಲ್ಲ, ಅಷ್ಟೆ. ಹಿಂದೆ ಸರಿದು, ಕ್ಯಾಮೆರಾ ನೆಟ್ಟಗಿಟ್ಟು ತೆಗೆಯಿರಿ. ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸಬಹುದು. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡುವುದಾದರೆ ಎರಡೂ ಬದಿ ಧಾರಾಳ ಜಾಗ ಬಿಟ್ಟಿರಬೇಕು.

ರಾತ್ರಿಯ ಬೀದಿಯಲ್ಲಿ ಇದೇ ಟ್ರೈಪಾಡ್ ದಂಡ. ಕ್ಯಾಮೆರಾ ಅಲುಗದಿದ್ದರೂ ಜನ ಮಸುಕಾಗುತ್ತಾರೆ. ನಡೆಯುವವರನ್ನು ಹಿಡಿಯಲು ಶಟರ್ 1/125 ಸೆಕೆಂಡಾದರೂ ಬೇಕು. ಆಗ ಎಫ್/1.8ರಲ್ಲಿ ಐಎಸ್‌ಒ 1600 ಸಾಕಾಗುವ ಬೆಳಕಿನಲ್ಲಿ, ಕಿಟ್ ಲೆನ್ಸಿನ 55 ಎಂಎಂ ತುದಿಗೆ, ಅಂದರೆ ಎಫ್/5.6ಕ್ಕೆ, ಹೆಚ್ಚುಕಡಿಮೆ ಐಎಸ್‌ಒ 16,000 ಬೇಕಾಗುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ ನೋಡಿ: ಬೆಳಕಿನ ವ್ಯತ್ಯಾಸ ಸುಮಾರು 9.7 ಪಟ್ಟು. ದುಬಾರಿ ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ಕೊಂಡರೂ ಇಷ್ಟು ಅಂತರ ಸುಲಭಕ್ಕೆ ತುಂಬದು. ಹಾಗಾಗಿ ಎಪಿಎಸ್-ಸಿ ಎಂಬ ಮಧ್ಯಮ ಗಾತ್ರದ ಸೆನ್ಸರಿನ ಸೆಕೆಂಡ್ ಹ್ಯಾಂಡ್ ಬಾಡಿ, ಅದಕ್ಕೊಂದು 35 ಎಂಎಂ ಎಫ್/1.8 ಲೆನ್ಸ್ ಒಳ್ಳೆಯ ಜೋಡಿ. ಇದಕ್ಕೂ ಬೆಲೆ ತೆರಬೇಕು: 2 ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 20 ಸೆಂಟಿಮೀಟರ್ ಮಾತ್ರ. ಫೋಕಸ್ ಕಣ್ಣಿನ ಮೇಲೇ ಇರಲಿ.

ಚಿತ್ರದಲ್ಲಿ ಪಟ್ಟೆ ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ವಿದ್ಯುತ್ 50 ಹರ್ಟ್ಸ್, ಅನೇಕ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಆಯ್ದುಕೊಂಡು, 1/125ರ ಬದಲು 1/100ಕ್ಕೆ ಇಟ್ಟುಕೊಂಡರೆ ಬಹುತೇಕ ಕಡೆ ಪಟ್ಟೆ ಹೋಗುತ್ತದೆ.

ಇನ್ನು ಹೊತ್ತು. ದಸರಾ ವೇಳೆಗೆ ಮೈಸೂರಿನಲ್ಲಿ ಸೂರ್ಯ ಆರರ ಸುಮಾರಿಗೇ ಮುಳುಗಿ, ಏಳಕ್ಕೆ ಆಕಾಶ ಕಪ್ಪಾಗಿರುತ್ತದೆ. ಮೇ ತಿಂಗಳಲ್ಲಾದರೆ ಸೂರ್ಯಾಸ್ತ 6:40ರ ಆಸುಪಾಸು. ದೀಪ ಹೊತ್ತುವಾಗ ಆಕಾಶದಲ್ಲಿ ಇನ್ನೂ ನೀಲಿ ಉಳಿದು ಗುಮ್ಮಟಗಳ ಅಂಚು ಬಿಡಿಸಿ ಕಾಣುತ್ತದೆ. 6:30ಕ್ಕೇ ಹೋಗಿ ಜಾಗ ಹಿಡಿಯಿರಿ. ಟ್ರೈಪಾಡ್ ಹೂಡಬಹುದೇ ಎಂದು ಕಾವಲಿನವರನ್ನು ಕೇಳಿ. ಬಿಡದಿದ್ದರೆ ಯಾವುದಾದರೂ ಕಟ್ಟೆಯ ಮೇಲೆ ಟವೆಲ್ ಮಡಿಸಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ.