ಮೆಂಡೋಜಾ: ಕಾಲುವೆ ಬೆಳೆಸಿದ ಊರು, ನದಿಯ ತುದಿಯಲ್ಲಿ ಒಣಗಿದ ಸರೋವರಗಳು

ಪಶ್ಚಿಮ ಆರ್ಜೆಂಟೀನಾದ ಮೆಂಡೋಜಾ ಪ್ರಾಂತ್ಯದ, ಅದೇ ಹೆಸರಿನ ರಾಜಧಾನಿಯಲ್ಲಿ ಬೀದಿ ಮರಗಳೆಲ್ಲ ಮನುಷ್ಯರು ನೆಟ್ಟು ನೀರುಣಿಸಿದವು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ಪೆಸಿಫಿಕ್ ಸಾಗರದ ತೇವದ ಬಹುಪಾಲು ಆಂಡಿಸ್ ಸಾಲಿನ ಆಚೆ, ಚಿಲಿಯ ಕಡೆಯಲ್ಲೇ ಸುರಿದುಹೋಗುತ್ತದೆ. ಬೆಟ್ಟ ಇಳಿದು ಈಚೆ ಬರುವುದು ಸೋಂಡಾ ಎಂಬ ಬಿಸಿ ಒಣಗಾಳಿ. ಆದರೂ ಬೇಸಿಗೆಯ ನಡುಹಗಲಲ್ಲಿ ಈ ಊರಿನ ಬೀದಿಯುದ್ದಕ್ಕೂ ನೆರಳಿನಲ್ಲೇ ನಡೆಯಬಹುದು. ಆ ನೆರಳು ಎಲ್ಲಿಂದ ಬಂತು, ಅದಕ್ಕೆ ಬೆಲೆ ತೆತ್ತವರು ಯಾರು ಎಂದು ಹುಡುಕುತ್ತಾ ಹೋದರೆ ಊರಿನ ಇಡೀ ಚರಿತ್ರೆ ಬಿಚ್ಚಿಕೊಳ್ಳುತ್ತದೆ.

ಸ್ಪೇನಿನವರು ಬರುವ ಮೊದಲೇ ಇಲ್ಲಿ ಹುವಾರ್ಪೆ ಜನ ಬೇಸಾಯ ಮಾಡುತ್ತಿದ್ದರು. ಆಂಡಿಸ್‌ನ ಹಿಮ ಕರಗಿ ಹರಿಯುವ ಮೆಂಡೋಜಾ ನದಿಯ ನೀರನ್ನು ಕಾಲುವೆಗಳಿಗೆ ತಿರುಗಿಸಿ ಮೆಕ್ಕೆಜೋಳ ಬೆಳೆಯುತ್ತಿದ್ದರು. 1561ರ ಮಾರ್ಚ್‌ನಲ್ಲಿ ಪೆದ್ರೊ ದೆಲ್ ಕಾಸ್ತಿಯೊ ಊರಿಗೆ ಅಡಿಗಲ್ಲಿಟ್ಟು, ಚಿಲಿಯ ಗವರ್ನರ್ ಆಗಿದ್ದ ಗಾರ್ಸಿಯಾ ಉರ್ತಾದೊ ದೆ ಮೆಂಡೋಜಾನ ಹೆಸರನ್ನು ಅದಕ್ಕೆ ಕೊಟ್ಟ. ಮರುವರ್ಷವೇ ಹುವಾನ್ ಹುಫ್ರೆ ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ಸ್ಥಾಪಿಸಿದ. ಊರು ನಿಂತಿದ್ದು ಮಾತ್ರ ಹುವಾರ್ಪೆಗಳ ಕಾಲುವೆಗಳ ಆಸರೆಯಲ್ಲಿ. ಇಂದಿಗೂ ಅಲ್ಲಿನ ಮುಖ್ಯ ಕಾಲುವೆಯೊಂದಕ್ಕೆ ಗ್ವಾಯಿಮಾಯೆನ್ ಎಂಬ ಹುವಾರ್ಪೆ ನಾಯಕನ ಹೆಸರಿದೆ. ಹೆಸರು ಉಳಿಯಿತು, ಜನ ಉಳಿಯುವುದು ಕಷ್ಟವಾಯಿತು. ಆಗ ಈ ಪ್ರದೇಶ ಚಿಲಿಯ ಆಡಳಿತದಲ್ಲಿತ್ತು. ಸ್ಯಾಂಟಿಯಾಗೋದ ಒಡೆಯರು ಹುವಾರ್ಪೆಗಳನ್ನು ಗುಂಪುಗುಂಪಾಗಿ ಆಂಡಿಸ್ ದಾಟಿಸಿ ಜೀತಕ್ಕೆ ಹಚ್ಚಿದರು. 1776ರಲ್ಲಿ ಮೆಂಡೋಜಾ ಬ್ಯೂನಸ್ ಐರಿಸ್‌ನ ಆಡಳಿತಕ್ಕೆ ಸೇರಿತು. 1817ರ ಜನವರಿಯಲ್ಲಿ ಸ್ವಾತಂತ್ರ್ಯ ಹೋರಾಟದ ಸೇನಾನಿ ಹೊಸೆ ದೆ ಸಾನ್ ಮಾರ್ಟಿನ್ ಸ್ಪೇನಿನ ಹಿಡಿತದಿಂದ ಚಿಲಿಯ ಬಿಡುಗಡೆಗಾಗಿ ಸೇನೆಯೊಂದಿಗೆ ಪರ್ವತ ಹತ್ತಿದ್ದು ಇಲ್ಲಿಂದಲೇ.

1861ರ ಮಾರ್ಚ್ 20ರ ರಾತ್ರಿ ಭೂಮಿ ನಡುಗಿತು. ಹಸಿ ಇಟ್ಟಿಗೆಯ ಮನೆಗಳು ಕಿರಿದಾದ ಬೀದಿಗಳ ಮೇಲೆಯೇ ಕುಸಿದುಬಿದ್ದವು. ಓಡಿಹೋಗಲು ಬಯಲೇ ಇರಲಿಲ್ಲ. ಬಳಿಕ ಬೆಂಕಿಯೂ ಹೊತ್ತಿಕೊಂಡಿತು. ಸಾವಿರಾರು ಮಂದಿ ಸತ್ತರು. ಅವರಲ್ಲಿ ಫ್ರೆಂಚ್ ಭೂವಿಜ್ಞಾನಿ ಆಗಸ್ಟ್ ಬ್ರಾವಾರ್ ಕೂಡ ಒಬ್ಬರು. ಸಾನ್ ಫ್ರಾನ್ಸಿಸ್ಕೊ ಚರ್ಚಿನ ಮುರಿದ ಗೋಡೆಗಳು ಹಳೆಯ ಊರಿನ ಜಾಗದಲ್ಲಿ ಇಂದಿಗೂ ನಿಂತಿವೆ.

ಬದುಕುಳಿದವರು ಪಾಳುಬಿದ್ದ ಊರಿನ ನೈಋತ್ಯಕ್ಕೆ ಹೊಸ ಊರು ಕಟ್ಟಲು ಹೊರಟರು. 1863ರಲ್ಲಿ ಅದರ ನಕ್ಷೆ ಬರೆದವರು ಫ್ರಾನ್ಸ್ ಮೂಲದ ಭೂಮಾಪಕ ಬಾಲೊಫೆ. ಆ ನಕ್ಷೆಯ ಗೆರೆಗೆರೆಯಲ್ಲೂ ಭೂಕಂಪದ ನೆನಪಿದೆ. ನಡುವೆ ನಾಲ್ಕು ಬ್ಲಾಕ್‌ಗಳಷ್ಟು ದೊಡ್ಡ ಇಂಡಿಪೆಂಡೆನ್ಸಿಯಾ ಚೌಕ, ಅದರ ನಾಲ್ಕು ಮೂಲೆಗಳ ದಿಕ್ಕಿಗೆ ನಾಲ್ಕು ಸಣ್ಣ ಚೌಕಗಳು. ನೆಲ ಅಲುಗಿದರೆ ಯಾವ ಮನೆಯಿಂದಲೂ ಜನ ಬೇಗ ಬಯಲಿಗೆ ಬಂದು ಸೇರಬೇಕು, ಅದಕ್ಕೇ ಅಗಲವಾದ ಬೀದಿಗಳು. ಆದರೆ ಮರುಭೂಮಿಯಲ್ಲಿ ಅಗಲ ಬೀದಿಯೆಂದರೆ ಕಾದ ಬಾಣಲೆ. ನೆರಳಿಗೆ ಮರ ಬೇಕು, ಮರಕ್ಕೆ ನೀರು ಬೇಕು. ಹೀಗೆ ಕಾಲುವೆ ಬೀದಿಬೀದಿಗೂ ಹರಡಿತು.

ಅಲ್ಲಿನವರು ಇದನ್ನು ಅಸೆಕಿಯಾ ಎನ್ನುತ್ತಾರೆ. ಕಾಲುದಾರಿಗೂ ಡಾಂಬರು ರಸ್ತೆಗೂ ನಡುವೆ, ಬೀದಿಯ ಎರಡೂ ಬದಿಯಲ್ಲಿ ಸಾಗುವ ತೆರೆದ ಕಲ್ಲು ಕಾಲುವೆ ಇದು. ಒಂದು ಹೆಜ್ಜೆಯಲ್ಲಿ ದಾಟಬಹುದಾದಷ್ಟು ಅಗಲ. ಬಾಗಿಲುಗಳೆದುರು ದಾಟಲು ಚಪ್ಪಡಿ ಹಾಸಿರುತ್ತದೆ. ಹಿಪ್ಪುನೇರಳೆ, ಪ್ಲೇನ್, ಆಶ್ ಮರಗಳ ಬೇರು ಅದರ ಅಂಚಿಗೇ ಇಳಿದಿರುತ್ತದೆ. ನೀರು ಸದಾ ಹರಿಯುವುದಿಲ್ಲ, ಸರದಿಯ ಮೇಲೆ ಬಿಡುತ್ತಾರೆ. ಹೊಸಬರು ಮೇಲೆ ನೋಡುತ್ತಾ ನಡೆದರೆ ಕಾಲು ಜಾರುವುದು ಇದರೊಳಗೇ.

ಊರಾಚೆಯ ಹೊಲಗಳಿಗೂ ಸರದಿಯೇ. 1884ರ ನೀರಿನ ಕಾಯ್ದೆಯ ಪ್ರಕಾರ ನೀರಿನ ಹಕ್ಕು ನೆಲಕ್ಕೆ ಅಂಟಿಕೊಂಡದ್ದು, ಅದನ್ನು ಬೇರ್ಪಡಿಸಿ ಮಾರುವಂತಿಲ್ಲ. ನೀರನ್ನು ಸರಕಾಗಿಸದ ಈ ನಿಯಮ ಬಹಳ ದೊಡ್ಡ ವಿವೇಕ ಎಂದೇ ನಾನು ಭಾವಿಸುತ್ತೇನೆ. ರೈತರೇ ಆರಿಸಿದ ಸಮಿತಿಗಳು ಕಾಲುವೆ ನೋಡಿಕೊಳ್ಳುತ್ತವೆ. ತೂಬು ತೆರೆದು ಮುಚ್ಚಲು ನೀರುಗಂಟಿ ಇರುತ್ತಾನೆ. 1885ರಲ್ಲಿ ರೈಲು ಬಂತು, ಅದರ ಹಿಂದೆಯೇ ಇಟಲಿ, ಸ್ಪೇನಿನ ವಲಸಿಗರು ಬಂದರು. ದ್ರಾಕ್ಷಿ ತೋಟಗಳು ಹರಡಿದವು. ಈಗ ಆರ್ಜೆಂಟೀನಾದ ವೈನಿನ ಬಹುಪಾಲು ಈ ಪ್ರಾಂತ್ಯದ್ದೇ. ಆದರೂ ನೀರಾವರಿ ಕಂಡ ನೆಲ ಪ್ರಾಂತ್ಯದ ನೂರರಲ್ಲಿ ಐದು ಭಾಗಕ್ಕಿಂತ ಕಡಿಮೆ. ಹೆಚ್ಚುಕಡಿಮೆ ಎಲ್ಲ ಜನವಸತಿಯೂ ಅಷ್ಟರಲ್ಲೇ ಕಿಕ್ಕಿರಿದಿದೆ.

2000ದ ದಶಕದ ಆರಂಭದಲ್ಲಿ ನದಿಗೆ ಪೊತ್ರೆರಿಯೊಸ್ ಅಣೆಕಟ್ಟು ಬಂದಾಗ ಹೊಸ ತೊಡಕೊಂದು ಎದ್ದಿತು. ಮೊದಲು ನದಿ ತರುತ್ತಿದ್ದ ಹೂಳು ಮಣ್ಣಿನ ಕಾಲುವೆಗಳ ತಳದಲ್ಲಿ ಕೂತು ಸೋರಿಕೆ ತಡೆಯುತ್ತಿತ್ತು. ಈಗ ಹೂಳೆಲ್ಲ ಅಣೆಕಟ್ಟಿನ ಹಿಂದೆಯೇ ನಿಲ್ಲುತ್ತದೆ. ತಿಳಿನೀರು ಕಾಲುವೆಯ ತಳದಿಂದ ಹೆಚ್ಚು ಇಂಗಿಹೋಗುತ್ತದೆ. 2010ರಿಂದೀಚೆಗೆ ಪರ್ವತದ ಹಿಮವೂ ಕಡಿಮೆಯಾಗಿ ಬರ ಮುಂದುವರಿದಿದೆ.

ನೀರಿನ ವಿಷಯಕ್ಕೆ ಬಂದರೆ ಮೆಂಡೋಜಾದ ಜನ ಸುಮ್ಮನಿರುವುದಿಲ್ಲ. ಲೋಹದ ಗಣಿಗಾರಿಕೆಯಲ್ಲಿ ಸಯನೈಡ್, ಪಾದರಸ, ಗಂಧಕಾಮ್ಲ ಬಳಸದಂತೆ 2007ರಲ್ಲಿ ಮಾಡಿದ ಕಾಯ್ದೆಯನ್ನು 2019ರ ಡಿಸೆಂಬರ್‌ನಲ್ಲಿ ಶಾಸನಸಭೆ ಸಡಿಲಿಸಿತು. ಸುಮಾರು 100 ಕಿಲೋಮೀಟರ್ ದೂರದ ಸಾನ್ ಕಾರ್ಲೊಸ್‌ನಿಂದ ಜನ ರಾಜಧಾನಿಗೆ ಹೊರಟುಬಂದರು, ಬೀದಿಗಳು ತುಂಬಿದವು. ವರ್ಷ ಮುಗಿಯುವ ಮೊದಲೇ ತಿದ್ದುಪಡಿ ರದ್ದಾಯಿತು.

ಆದರೆ ನದಿಯ ತುದಿಯಲ್ಲಿರುವವರಿಗೆ ಈ ಬಲ ದಕ್ಕಿಲ್ಲ. ಪ್ರಾಂತ್ಯದ ಲಾವಾಯೆ ಎಂಬ ಜಿಲ್ಲೆಯ ಈಶಾನ್ಯದಲ್ಲಿ ಗ್ವಾನಕಾಚೆ ಎಂಬ ಸರೋವರಗಳ ಸಾಲು ಇತ್ತು. ಹುವಾರ್ಪೆಗಳು ಜೊಂಡಿನ ದೋಣಿಗಳಲ್ಲಿ ಅಲ್ಲಿ ಮೀನು ಹಿಡಿಯುತ್ತಿದ್ದರು. ಮೇಲೆ ದ್ರಾಕ್ಷಿಗೂ ಊರಿಗೂ ನೀರು ತಿರುಗಿದಂತೆ ಕೆಳಗೆ ಸರೋವರಗಳು ಬತ್ತುತ್ತಾ ಹೋದವು. 1999ರಲ್ಲಿ ಅವು ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿದವು, 2001ರಲ್ಲಿ ಪ್ರಾಂತ್ಯದ ಕಾಯ್ದೆಯೊಂದು ಅಲ್ಲಿನ ಹುವಾರ್ಪೆ ಸಮುದಾಯಗಳಿಗೆ ನೆಲದ ಒಡೆತನವನ್ನು ಮಾನ್ಯ ಮಾಡಿತು. ಅವರೀಗ ಮೇಕೆ ಸಾಕಿ ಬದುಕುತ್ತಾರೆ. ನೀರಿನ ಹಕ್ಕು ನೆಲದೊಂದಿಗೇ ಸಾಗಬೇಕೆಂದು 1884ರಲ್ಲೇ ಬರೆದ ಪ್ರಾಂತ್ಯ, ಮೊದಲ ಕಾಲುವೆ ತೋಡಿದವರ ಮಕ್ಕಳ ನೆಲಕ್ಕೂ ನದಿಯಲ್ಲಿ ಒಂದು ಪಾಲು ಬರೆದುಕೊಡಬೇಕು.